ಅತ್ತಿಗೆಯ ಪತ್ತೇದಾರಿಕೆ

ನಾನು ದರ್ಜಿ. ಐತಿಹಾಸಿಕ ಧಾರಾವಾಹಿಗಳೆಂದರೆ ನನಗೆ ಪಂಚಪ್ರಾಣ. ಆದರೆ ಮೊನ್ನೆ ಮಹಾರಾಣಿ ಮಗನನ್ನು ಯುದ್ಧಕ್ಕೆ ಬೀಳ್ಕೊಟ್ಟು ತಿರುಗಿದಾಗ ಬೆನ್ನ ಮೇಲೆ ಜಿಪ್ಪು ಕಂಡಿತು. ಸುರಿಯುತ್ತಿದ್ದ ಕಣ್ಣೀರು ಅಲ್ಲೇ ನಿಂತಿತು. ಇಷ್ಟು ಅಳಿಸುವವರಿಗೆ ನಾಲ್ಕು ಕೊಕ್ಕೆ ಹೊಲಿಸಲು ಏನು ಧಾಡಿ? ಟಿವಿ ಆರಿಸಿ, ಅತ್ತಿಗೆಗೆ ದಿನಾ ಓದಿ ಹೇಳುತ್ತಿದ್ದ ಪತ್ತೇದಾರಿ ಕಾದಂಬರಿಯ ಉಳಿದ ಭಾಗ ಮುಗಿಸಲು ಕೂತೆ.

ಅತ್ತಿಗೆ, ಎಂದರೆ ನನ್ನ ಅಣ್ಣನ ಹೆಂಡತಿ, ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವರು. ಇನ್ನೊಬ್ಬರು ಮೂಲ ಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದರು, ಇವರು ಕರಡಿನ ಮೇಲೆ ಕಣ್ಣಿಟ್ಟು ತಪ್ಪು ಹಿಡಿಯುತ್ತಿದ್ದರು. ಈಗ ಆ ಕಣ್ಣುಗಳೇ ಹೋಗಿವೆ. ಮನೆಯವರೆಲ್ಲ ಅವರೊಂದಿಗೆ ಮಗುವನ್ನು ರಮಿಸುವಂತೆ ಮಾತಾಡುತ್ತಾರೆ. ಕಳೆದ ವಾರ ಸಕ್ಕರೆ ಡಬ್ಬಿಗೆ ಉಪ್ಪು ಸುರಿದ ಮೇಲಂತೂ ಅವರಿಗೇ ತಮ್ಮ ಮೇಲಿನ ನಂಬಿಕೆ ಹೋಗಿತ್ತು.

"ಕೊಲೆ ಮಾಡಿದ್ದು ಆ ವೈದ್ಯ. ಇದೂ ತಪ್ಪಾದ್ರೆ ಕಣ್ಣಿನ ಜೊತೆ ತಲೇನೂ ಹೋಯ್ತು ಅಂತ ತಿಳ್ಕೋತೀನಿ ಕಣೇ," ಎಂದರು.

ಕೊನೆಯ ಅಧ್ಯಾಯದ ಮೇಲೆ ಕಣ್ಣಾಡಿಸಿದೆ. ಹಿಂದಿನ ಇನ್ನೂರು ಪುಟಗಳಲ್ಲಿ ಸುಳಿವೇ ಇಲ್ಲದ ದಾಯಾದಿಯೊಬ್ಬ ಎಲ್ಲಿಂದಲೋ ಉದುರಿ ತಪ್ಪೊಪ್ಪಿಕೊಂಡಿದ್ದ. ಬೆಟ್ಟ ಅಗೆದು ಇಲಿ ಹಿಡಿದಂತಾಯಿತು! ಲೇಖಕ ಎದುರಿಗಿದ್ದಿದ್ದರೆ ಕತ್ತರಿ ತೋರಿಸುತ್ತಿದ್ದೆ. ಅತ್ತಿಗೆ ಕಿವಿ ನೆಟ್ಟಗೆ ಮಾಡಿಕೊಂಡು ಕಾಯುತ್ತಿದ್ದರು. ಇದ್ದದ್ದನ್ನು ಓದಲು ಮನಸ್ಸು ಬರಲಿಲ್ಲ.

ಗಂಟಲು ಸರಿಮಾಡಿಕೊಂಡು ನನ್ನದೇ ಕತೆ ಕಟ್ಟಿದೆ. ವೈದ್ಯ ಮಂಡಿಯೂರಿದ, ಔಷಧದ ಸೀಸೆಗೆ ವಿಷ ಬೆರೆಸಿದ್ದನ್ನು ಒಪ್ಪಿಕೊಂಡ, ಪೊಲೀಸರು ಕೋಳ ತೊಡಿಸಿದರು. ಚೆನ್ನಾಗಿಯೇ ಬಂತು ಅಂದುಕೊಂಡೆ.

"ಮುಗೀತಾ?"

"ಮುಗೀತು ಅತ್ತಿಗೆ. ನೀವೇ ಗೆದ್ರಿ."

"ಈಗ ಪುಸ್ತಕದಲ್ಲಿ ಏನಿದೆಯೋ ಅದನ್ನ ಓದು."

"ಅದನ್ನೇ ಓದಿದ್ದು!"

"ಸುಮ್ನಿರೇ. ಓದೋರು ವಾಕ್ಯ ಮುಗಿದ ಮೇಲೆ ಉಸಿರು ತಗೋತಾರೆ. ನೀನು ಮಧ್ಯೆ ಮಧ್ಯೆ ತಗೊಂಡೆ, ಮುಂದಿನ ಮಾತು ಹುಡುಕೋಕೆ. ಮೂವತ್ತು ವರ್ಷ ಓದೋರ ದನಿ ಕೇಳಿದೀನಿ ನಾನು."

ನನ್ನ ಮುಖ ಕೆಂಪಗಾಗಿತ್ತು. ಅವರಿಗೆ ಕಾಣದೆ ಹೋದದ್ದು ಪುಣ್ಯ. ಆ ದಾಯಾದಿಯ ಪುರಾಣವನ್ನು ಇದ್ದದ್ದು ಇದ್ದಂತೆ ಓದಿದೆ. ಅತ್ತಿಗೆ ಲೇಖಕನ ಏಳು ತಲೆಮಾರನ್ನೂ ಜಾಲಾಡಿ, ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು. ಎಲ್ಲಿ ಅಳುತ್ತಾರೋ ಎಂದು ಹೆದರಿದೆ.

"ಕೊಲೆಗಾರ ತಪ್ಪಿಸ್ಕೊಂಡ," ಎಂದರು ತಡವಿ ನನ್ನ ಮೊಣಕೈ ಹಿಡಿದು. "ಆದ್ರೆ ನಿನ್ನನ್ನ ಹಿಡಿದೆನಲ್ಲ!"