ಐದು ನಿಮಿಷದ ಸಿಹಿಯೆನ್

ಶಾಲೆಗೆ ಹೊತ್ತಾಯಿತೆಂದು ರಸಾಂಜಲಿ ಮಗಳ ಜಡೆ ಹಾಕಲು ಬಾಚಣಿಗೆ ಹಿಡಿದು ಕೈ ಎತ್ತಿದಳು. ಎಂಟು ವರ್ಷದ ತರೂಶಿ ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಕುಗ್ಗಿ ಕುಳಿತಳು. ಹೊಡೆಯಲು ಎತ್ತಿದ ಕೈ ಅದಾಗಿರಲಿಲ್ಲ. ಆದರೆ ಮಗುವಿಗೆ ಅದು ಹೇಗೆ ಗೊತ್ತಾಗಬೇಕು? ತಾಯಿ ಬಾಚಣಿಗೆಯನ್ನು ಮೆಲ್ಲಗೆ ಕೆಳಗಿಟ್ಟಳು.

ರಸಾಂಜಲಿ ಕೆಟ್ಟ ತಾಯಿಯೇನಲ್ಲ. ನಮ್ಮ ದಕ್ಷಿಣಕ್ಕೆ ಕಡಲಾಚೆಯ ದ್ವೀಪದೇಶದಲ್ಲಿ, ಕರಂದೆಣಿಯ ಕಡೆಯ ಹಳ್ಳಿಯವಳು. ಗಂಡ ವಿಪುಲ ಕಡಿದು ತಂದ ದಾಲ್ಚಿನ್ನಿ ಕೋಲುಗಳ ತೊಗಟೆ ಸುಲಿಯುವುದು ಅವಳ ಕೆಲಸ. ಮಡಿಲಲ್ಲಿ ಹತ್ತು ತಿಂಗಳ ಕೂಸು ಬೇರೆ. ಕೈ ಕೋಲಿನ ಮೇಲಿದ್ದರೆ ಮನಸ್ಸು ಒಲೆಯ ಮೇಲೆ, ಒಲೆಯ ಮುಂದೆ ಕೂತರೆ ಮನಸ್ಸು ನಿನ್ನೆಯ ಜಗಳದಲ್ಲಿ. ಸಿಟ್ಟಂತೂ ಮೂಗಿನ ತುದಿಯಲ್ಲೇ. ಮಗಳ ನೋಟ್‌ಬುಕ್ಕಿನಲ್ಲಿ ತಪ್ಪು ಕಂಡರೆ ಬೆನ್ನಿಗೊಂದು ಗುದ್ದು ಬೀಳುತ್ತಿತ್ತು. ಆಮೇಲೆ ಗುದ್ದಿದವಳೇ ಅಡುಗೆಮನೆಯ ಮೂಲೆಯಲ್ಲಿ ಕೂತು ಅಳುತ್ತಿದ್ದಳು. ಇತ್ತೀಚೆಗೆ ತರೂಶಿ ಅಮ್ಮನ ಹತ್ತಿರ ಮಾತಾಡುವುದನ್ನೇ ಬಿಟ್ಟಿದ್ದಳು. ಕೇಳಿದ್ದಕ್ಕೆ ಹೂಂ, ಇಲ್ಲದಿದ್ದರೆ ಉಹೂಂ, ಅಷ್ಟೇ.

ಅದೇ ದಿನ ಕೂಸಿನ ತೂಕ ನೋಡಲು ಅನೋಮಾ ಮಿಸ್ಸಿ ಬಂದರು. ಅವರು ಆ ಹಳ್ಳಿಯ ಸೂಲಗಿತ್ತಿ ನರ್ಸ್. ಅರ್ಧ ಊರಿನ ಮಕ್ಕಳು ಅವರ ಕೈಯ ಮೇಲೆಯೇ ಹುಟ್ಟಿದವರು. ಕೂಸಿನ ತೂಕ ಸರಿಯಾಗಿತ್ತು. ಮಿಸ್ಸಿಯ ಕಣ್ಣು ತಾಯಿಯ ಬೆರಳುಗಳ ಮೇಲೆ ನಿಂತಿತು. ಅಲ್ಲಿ ಮೂರು ಕಡೆ ಬಟ್ಟೆ ಸುತ್ತಿತ್ತು.

"ಹುಟ್ಟಿದಾಗಿಂದ ಕತ್ತಿ ಹಿಡಿದಿರೋ ಕೈ ಇದು. ಒಂದೇ ತಿಂಗಳಲ್ಲಿ ಮೂರು ಗಾಯನಾ ತಂಗಿ?"

ರಸಾಂಜಲಿಗೆ ಅಷ್ಟು ಸಾಕಾಯಿತು. ಬೆಳಗಿನ ಬಾಚಣಿಗೆಯ ಸಂಗತಿಯನ್ನು ಅಳುತ್ತಲೇ ಹೇಳಿಬಿಟ್ಟಳು. ಮಿಸ್ಸಿ ಗದರಲಿಲ್ಲ. ಊಟ ಸೇರುತ್ತದೆಯೇ, ನಿದ್ದೆ ಬರುತ್ತದೆಯೇ, ಬದುಕೇ ಬೇಡ ಅನ್ನಿಸುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ಹಾಗೇನಾದರೂ ಇದ್ದರೆ ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ, ಅದಕ್ಕೆ ನಾಚಿಕೆ ಪಡಬಾರದು ಎಂದರು. ಹಾಗೇನೂ ಇಲ್ಲ, ಮನಸ್ಸು ನಿಂತಲ್ಲಿ ನಿಲ್ಲುವುದಿಲ್ಲ, ಅಷ್ಟೇ ಎಂದಳು ರಸಾಂಜಲಿ. ಹಾಗಾದರೆ ದಿನಕ್ಕೆ ಐದು ನಿಮಿಷ ಧ್ಯಾನಕ್ಕೆ ಕೂತು ನೋಡು ಎಂದರು ಮಿಸ್ಸಿ.

ಬಾಗಿಲಲ್ಲಿದ್ದ ಅತ್ತೆ ಪೊಡಿನೋನಾಗೆ ನಗು ಬಂತು. ಹುಣ್ಣಿಮೆಗೊಮ್ಮೆ ಬಿಳಿ ಬಟ್ಟೆ ಉಟ್ಟು, ಊರಿನ ಬೌದ್ಧ ವಿಹಾರದಲ್ಲಿ ಶೀಲವ್ರತ ತೆಗೆದುಕೊಂಡು, ಇಡೀ ದಿನ ಧ್ಯಾನಕ್ಕೆ ಕೂರುವ ಮುದುಕಿ ಅವಳು. ಮೀನು ಸಾರಿನ ವಾಸನೆ ಹೊಡೆಯುವ ಸೀರೆಯಲ್ಲಿ, ಕೂಸು ಕಿರುಚುವ ಮನೆಯಲ್ಲಿ ಎಲ್ಲಿಯ ಧ್ಯಾನ ಎಂಬುದು ಅವಳ ವಾದ. ರಸಾಂಜಲಿಯೂ ಅದನ್ನೇ ನಂಬಿದ್ದಳು.

"ಒಂದ್ಸಲ ವಿಹಾರದಲ್ಲಿ ಕೂತಿದ್ದೆ ಮಿಸ್ಸಿ. ಕಣ್ಣು ಮುಚ್ಚಿದ್ದೇ ತಡ, ಮನಸ್ಸು ಸಂತೆಗೆ ಹೋಯ್ತು. ಪುಣ್ಯ ಇದ್ದೋರಿಗೆ ಅದೆಲ್ಲ. ನನಗಿಲ್ಲ."

"ಮಗಳ ಕೈಗೆ ಬಿಸಿ ಚಹಾ ಕೊಡೋವಾಗ ಏನಂತೀಯ?"

"ಸಿಹಿಯೆನ್ ಅಂತೀನಿ."

ಈ ಮಾತು ನಮ್ಮ ಕಿವಿಗೆ ಬೆಲ್ಲದ ಹಾಗೆ ಕೇಳುತ್ತದೆ. ಅವರ ಭಾಷೆಯಲ್ಲಿ ಅದರ ಅರ್ಥ ಎಚ್ಚರದಿಂದ, ಮೈಮೇಲೆ ಗ್ಯಾನ ಇಟ್ಟುಕೊಂಡು ಎಂದು. ತಾಯಂದಿರು ದಿನಕ್ಕೆ ನೂರು ಸಲ ಮಕ್ಕಳಿಗೆ ಅದನ್ನು ಹೇಳುತ್ತಾರೆ. ರಸಾಂಜಲಿ ಹೇಳಿದರೆ ಮಾತ್ರ ಹಿಂದೆಯೇ ಒಂದು ಏಟು ಇರುತ್ತಿತ್ತು.

"ವಿಹಾರದಲ್ಲಿ ಹೇಳಿಕೊಡೋದೂ ಅದೇ ಸಿಹಿಯೆನ್ ಕಣೇ," ಎಂದರು ಮಿಸ್ಸಿ. "ಅದೇ ಮಾತು, ಅದೇ ಅರ್ಥ. ನೀನು ಊರಿಗೆಲ್ಲ ಹೇಳ್ತೀಯ, ನಿನಗೆ ಮಾತ್ರ ಹೇಳ್ಕೊಳ್ಳಲ್ಲ."

ಪೊಡಿನೋನಾ ಬಾಗಿಲು ಬಿಟ್ಟು ಒಳಗೆ ಬಂದು ಕೂತಳು.

ಮಿಸ್ಸಿ ಅಲ್ಲೇ ಚಾಪೆಯ ಮೇಲೆ ಕೂತು ತೋರಿಸಿಕೊಟ್ಟರು. ಬೆನ್ನು ನೆಟ್ಟಗಿರಲಿ, ಬಿಗಿಯಾಗಿರುವುದು ಬೇಡ. ಕಣ್ಣು ಮುಚ್ಚಬಹುದು, ಇಲ್ಲವೇ ನೆಲ ನೋಡುತ್ತಿದ್ದರೂ ಆಯಿತು. ಉಸಿರು ಮೂಗಿನಲ್ಲಿ ಬರುವುದು ಗೊತ್ತಾಗಲಿ, ಹೋಗುವುದು ಗೊತ್ತಾಗಲಿ. ಅದನ್ನು ಎಳೆಯುವುದೂ ಬೇಡ, ತಡೆಯುವುದೂ ಬೇಡ. ಕೆಲಸದಲ್ಲೂ ಹೀಗೇ ಮಾಡಬಹುದು. ತೊಗಟೆ ಸಡಿಲಾಗಲೆಂದು ಹಿತ್ತಾಳೆ ಸರಳಿನಿಂದ ಕೋಲು ಉಜ್ಜುವಾಗ ಆ ಉಜ್ಜುವುದರ ಮೇಲೇ ಗಮನವಿರಲಿ. ಕತ್ತಿ ಹಿಡಿದಾಗ ಮಾತ್ರ ಕಣ್ಣು ಕತ್ತಿಯ ಮೇಲಿರಲಿ ಎಂದರು.

"ಮನಸ್ಸು ಓಡಿ ಹೋದ್ರೆ?"

ಅಷ್ಟರಲ್ಲಿ ಕೂಸು ಅಂಬೆಗಾಲಿಡುತ್ತ ಹೊಸ್ತಿಲಿಗೆ ಹೋಗಿತ್ತು. ಮಿಸ್ಸಿ ಅದನ್ನು ಎತ್ತಿ ತಂದು ಚಾಪೆಯ ಮೇಲೆ ಕೂರಿಸಿದರು. ಅದು ಮತ್ತೆ ಹೊರಟಿತು. ಮತ್ತೆ ತಂದರು.

"ಇದನ್ನ ಹೊಡೀತೀಯಾ? ಇಲ್ಲ ತಾನೆ. ಮನಸ್ಸೂ ಇಷ್ಟೇ. ಓಡಿದ್ದು ಗೊತ್ತಾದ ಕೂಡ್ಲೇ ಮೆಲ್ಲಗೆ ಕರ್ಕೊಂಡು ಬಾ. ಬೈಬೇಡ."

ಮೊದಲ ದಿನಗಳು ಫಜೀತಿಯಾದವು. ರಸಾಂಜಲಿ ಕೂತರೆ ಕೂಸಿಗೆ ಹಸಿವು, ಬೆಕ್ಕಿಗೆ ಹಾಲಿನ ವಾಸನೆ. ನಮ್ಮನೆಗೂ ಒಬ್ಬ ಭಿಕ್ಷುಣಿ ಬಂದಳು ಎಂದು ವಿಪುಲ ರೇಗಿಸಿದ. ಮಿಸ್ಸಿ ಮತ್ತೆ ಬಂದಾಗ, ನನ್ನ ಕೈಲಿ ಆಗುವುದಿಲ್ಲ, ಐದು ನಿಮಿಷದಲ್ಲಿ ಇಪ್ಪತ್ತು ಸಲ ಮನಸ್ಸು ಓಡಿತು ಎಂದು ದೂರಿದಳು.

"ಓಡಿದ್ದು ಇಪ್ಪತ್ತು ಸಲಾನೂ ಗೊತ್ತಾಯ್ತಲ್ಲ," ಎಂದರು ಮಿಸ್ಸಿ. "ಮುಂಚೆ ಒಂದ್ಸಲಾನೂ ಗೊತ್ತಾಗ್ತಿರ್ಲಿಲ್ಲ. ಇದೇ ಧ್ಯಾನ."

ಮಾರನೆಯ ದಿನದಿಂದ ಪೊಡಿನೋನಾ ಹೇಳಿಸಿಕೊಳ್ಳದೆ ಆ ಐದು ನಿಮಿಷ ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಹೋಗತೊಡಗಿದಳು. ತಾನು ಮೂವತ್ತು ವರ್ಷದಿಂದ ಶೀಲ ತೆಗೆದುಕೊಂಡರೂ ಸೊಸೆಗೆ ಬೈಯುವಾಗ ಸಿಹಿಯೆನ್ ನೆನಪಾಗಲಿಲ್ಲ ಎಂದು ಪಕ್ಕದ ಮನೆಯವಳ ಹತ್ತಿರ ಒಪ್ಪಿಕೊಂಡಳಂತೆ. ಸೊಸೆಯ ಹತ್ತಿರ ಮಾತ್ರ ಒಪ್ಪಿಕೊಳ್ಳಲಿಲ್ಲ. ಅತ್ತೆ ಅಲ್ಲವೇ.

ತಿಂಗಳಾಗುತ್ತ ಬಂದಿತ್ತು. ಒಂದು ಸಂಜೆ ರಸಾಂಜಲಿ ಮಗಳ ನೋಟ್‌ಬುಕ್ ತೆರೆದಳು. ಪುಟದ ತುಂಬ ಕೆಂಪು ಗೆರೆ. ಎಂಟು ಇರಬೇಕಾದ ಕಡೆ ಮೂರು, ಏಳರ ಕಡೆ ಒಂದು. ಕೈ ತಾನಾಗಿಯೇ ಮೇಲೆದ್ದಿತು. ತರೂಶಿ ಕಣ್ಣು ಮುಚ್ಚಿದಳು.

ಹಲ್ಲು ಕಚ್ಚಿರುವುದು ರಸಾಂಜಲಿಗೆ ಗೊತ್ತಾಯಿತು. ಉಸಿರು ಗಂಟಲಲ್ಲಿ ನಿಂತಿದ್ದು ಗೊತ್ತಾಯಿತು. ಕೈ ಎತ್ತಿದ್ದೂ ಗೊತ್ತಾಯಿತು. ಒಂದು ಉಸಿರು ಬಿಟ್ಟಳು, ಇನ್ನೊಂದು ಬಿಟ್ಟಳು. ಸಿಟ್ಟು ಹೋಗಿರಲಿಲ್ಲ, ಅಲ್ಲೇ ಇತ್ತು. ಆದರೂ ಕೈಯನ್ನು ಇಳಿಸಿ ತೊಡೆಯ ಮೇಲೆ ಇಟ್ಟುಕೊಳ್ಳಲು ಅವಳಿಂದ ಆಯಿತು.

"ಯಾಕಮ್ಮಾ ಹೀಗಾಯ್ತು?" ಎಂದು ಕೇಳಿದಳು. ಆ ದನಿ ಅವಳಿಗೇ ಹೊಸದಾಗಿತ್ತು.

ಏಟು ಬೀಳಲಿಲ್ಲವೆಂದು ತರೂಶಿ ಒಂದು ಕಣ್ಣು ತೆರೆದಳು. ಆಮೇಲೆ ಇನ್ನೊಂದು. ತುಂಬ ಹೊತ್ತು ಅಮ್ಮನ ಮುಖ ನೋಡಿದಳು.

"ಅಮ್ಮಾ, ಬೋರ್ಡ್ ಮೇಲೆ ಬರೆದಿದ್ದು ಕಾಣ್ಸಲ್ಲ. ಮಸುಕು ಮಸುಕಾಗಿರುತ್ತೆ."

"ಯಾವಾಗಿಂದ?"

"ಪಾಪು ಹುಟ್ಟೋಕ್ ಮುಂಚಿಂದ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಚಿನ್ನಾ?"

"ಹೊಡೀತೀಯ ಅಂತ."

ರಸಾಂಜಲಿ ಮಗಳನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡಳು. ಕಾಣದ ಅಕ್ಷರಕ್ಕೆ ವರ್ಷವಿಡೀ ಏಟು ತಿಂದ ಬೆನ್ನನ್ನು ಸವರುತ್ತ, ತಪ್ಪಾಯಿತು ಎಂದು ಮಗಳ ಮುಂದೆಯೇ ಅತ್ತಳು. ವಿಪುಲ ಆ ವಾರವೇ ಮಗಳನ್ನು ಕಣ್ಣಿನ ಡಾಕ್ಟರಿಗೆ ತೋರಿಸಿದ. ಈಗ ತರೂಶಿಗೆ ಕನ್ನಡಕ ಬಂದಿದೆ. ಬಾಯಿಯೂ ಬಂದಿದೆ, ಸುಮ್ಮನಿರಿಸುವುದೇ ಕಷ್ಟ. ಅಪ್ಪ ರೇಗಿಸುವುದನ್ನು ಬಿಟ್ಟು ತಾನೂ ಕೆಲಸಕ್ಕೆ ಹೋಗುವ ಮುಂಚೆ ಐದು ನಿಮಿಷ ಕೂರುತ್ತಾನೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇದಕ್ಕೆ ಬಿಳಿ ಬಟ್ಟೆ ಬೇಡ, ಹುಣ್ಣಿಮೆ ಬರಲೆಂದು ಕಾಯುವುದೂ ಬೇಡ. ನಾಳೆ ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಐದು ನಿಮಿಷ ಕೂತು ನಿಮ್ಮ ಉಸಿರನ್ನು ಗಮನಿಸಿ. ಮನಸ್ಸು ಓಡುತ್ತದೆ, ಓಡಲಿ, ಮೆಲ್ಲಗೆ ಕರೆತನ್ನಿ. ನಿದ್ದೆ ಕೆಟ್ಟಿದ್ದರೆ, ದುಃಖ ತಡೆಯಲಾಗದಿದ್ದರೆ ಡಾಕ್ಟರನ್ನೂ ಕಾಣಿ. ಮನೆಯವರು ಕೂತಾಗ ಅವರ ಕೂಸನ್ನು ನೀವು ಎತ್ತಿಕೊಳ್ಳಿ.

ಇಷ್ಟರಿಂದ ಏನಾಗುತ್ತದೆ ಎಂದು ಕೇಳಬೇಡಿ, ಮಾಡಿ ನೋಡಿ. ನಿಮ್ಮ ಮನೆಯಲ್ಲೂ ಒಂದು ಮಗು, ಹೇಳಲೋ ಬೇಡವೋ ಎಂದು ನಿಮ್ಮ ಮುಖವನ್ನೇ ನೋಡುತ್ತಿರಬಹುದು.