ಹಗುರ ಬಾಣ

ಅಮೆರಿಕದ ಗೈದರ್ಸ್‌ಬರ್ಗ್‌ನ ಒಂದು ಲ್ಯಾಬಿನಲ್ಲಿ ಮೆಕ್ಯಾನಿಕಲ್ ಇಂಜಿನಿಯರಾಗಿದ್ದ ಈರಣ್ಣನಿಗೆ ಬಿಲ್ಲು ಕೆತ್ತುವ ಹುಚ್ಚು ಹತ್ತಿಸಿದವನು ಪಕ್ಕದ ಮನೆಯ ಮುದುಕ ಬಡಗಿ. ಮುದುಕ ತೀರಿಕೊಂಡ ಮೇಲೂ ಹುಚ್ಚು ಬಿಡಲಿಲ್ಲ. 1995ರ ಚಳಿಗಾಲವಿಡೀ ಗರಾಜಿನಲ್ಲಿ ಕೂತು ಹಿಕರಿ ಮರದಲ್ಲಿ ಆಳುದ್ದದ ಬಿಲ್ಲೊಂದನ್ನು ಕೆತ್ತಿದ. ತಾನೂ ಜಿಂಕೆ ಬೇಟೆಗೆ ಬರುತ್ತೇನೆಂದು ಗಂಟುಬಿದ್ದಿದ್ದ ಅವಿನಾಶನ ಕೈಗೆ ಅದನ್ನು ಕೊಟ್ಟ. ಅವಿನಾಶ್ ಅದೇ ಲ್ಯಾಬಿನ ಸಾಫ್ಟ್‌ವೇರ್ ವಿಭಾಗದವನು, ಬೆಂಗಳೂರಿನ ಹುಡುಗ, ಈರಣ್ಣನಿಗಿಂತ ಹತ್ತು ವರ್ಷ ಚಿಕ್ಕವನು.

ಬಿಲ್ಲಿನ ಜೊತೆ ಆರು ಮರದ ಬಾಣಗಳನ್ನೂ ಕೊಟ್ಟಿದ್ದ. ಒಂದೊಂದೂ ಐನೂರೈವತ್ತು ಗ್ರೇನ್ ತೂಕ. ಒಂದು ಗ್ರೇನ್ ಅಂದರೆ ಅಕ್ಕಸಾಲಿಗನ ಗುಂಜಿಯಲ್ಲಿ ಸುಮಾರು ಅರ್ಧ. ಎಳೆಯಲು ಐವತ್ತೈದು ಪೌಂಡಿನ ಬಲ ಬೇಡುವ ಆ ಬಿಲ್ಲಿಗೆ ಅದು ಹೇಳಿ ಮಾಡಿಸಿದ ಭಾರ.

ಅವಿನಾಶನಿಗೆ ಅವು ಹಿಡಿಸಲಿಲ್ಲ. ದೂರಕ್ಕೆ ಹೋಗುವಷ್ಟರಲ್ಲಿ ತಲೆ ಬಾಗಿಸಿ ಕೆಳಗಿಳಿಯುತ್ತವೆ ಎಂದು ದೂರಿದ. ಸೆಪ್ಟೆಂಬರಿನಲ್ಲಿ ಕಾರ್ಬನ್ ಬಾಣಗಳನ್ನು ತರಿಸಿಕೊಂಡ. ಮೊನೆ ಸೇರಿದರೂ ಮುನ್ನೂರು ಗ್ರೇನ್ ದಾಟದಷ್ಟು ಹಗುರ.

"ಇವು ಬ್ಯಾಡ ಅವಿನಾಶ್," ಎಂದ ಈರಣ್ಣ. "ಬಾಣ ಭಾರ ಇದ್ರ ಬಿಲ್ಲಿನ ಜೋರೆಲ್ಲಾ ಹೊತ್ಕೊಂಡು ಹೋಗ್ತದ. ಹಗುರ ಇದ್ರ ಉಳಿದ ಜೋರು ತಿರುಗಿ ಬಿಲ್ಲಿಗೇ ಬಡೀತದ. ಜಿಂಕಿ ಎಲುಬಿಗೆ ತಾಕಿದ್ರ ಒಳಗೂ ಇಳಿಯೂದಿಲ್ಲ."

"ಸ್ಪೀಡ್ ನೋಡಿ ಈರಣ್ಣ, ಸ್ಪೀಡ್! ಜಿಂಕೆ ತಲೆ ಎತ್ತೋಷ್ಟರಲ್ಲಿ ಕೆಲಸ ಫಿನಿಶ್."

ಹಿತ್ತಲಲ್ಲಿ ಹೊಡೆದು ತೋರಿಸಿದ. ಬಾಣವೇನೋ ಗೆರೆ ಎಳೆದ ಹಾಗೆ ನೇರ ಹೋಗಿ ಹುಲ್ಲಿನ ಕಂತೆಗೆ ನಾಟಿತು. ಆದರೆ ಬಿಲ್ಲಿನಿಂದ ಚಟೀರೆಂದು ಸದ್ದು ಬಂತು. ಭಾರದ ಬಾಣಕ್ಕೆ ಅದು ಎಂದೂ ಹಾಗೆ ಕೂಗಿರಲಿಲ್ಲ. ಅಕ್ಟೋಬರ್ ತುಂಬ ಅವಿನಾಶ್ ದಿನಾ ಹೊಡೆದ, ಬಿಲ್ಲು ದಿನಾ ಕೂಗಿತು.

ಒಂದು ದಿನ ಲ್ಯಾಬಿನ ಕೆಫೆಟೇರಿಯಾದಲ್ಲಿ, ಹತ್ತು ಜನರ ಮುಂದೆ, ಅವಿನಾಶ್ ಈರಣ್ಣನ ಬೆನ್ನು ತಟ್ಟಿ ನಕ್ಕ. "ಇವರು ಇನ್ನೂ ದ್ವಾಪರಯುಗದಲ್ಲೇ ಇದ್ದಾರೆ. ಫಿಸಿಕ್ಸ್ ಹೇಳಿದ್ರೆ ತಲೆಗೆ ಹೋಗಲ್ಲ." ಎಲ್ಲರೂ ನಕ್ಕರು. ಈರಣ್ಣನೂ ನಕ್ಕ. ಅವತ್ತಿನಿಂದ ಬಾಣದ ಮಾತೆತ್ತಲಿಲ್ಲ.

ನವೆಂಬರಿನ ಮೊದಲ ಶುಕ್ರವಾರ ಅವಿನಾಶ್ ಹೊಸ ಹೆದೆ ಕಟ್ಟಿಸಲು ಬಿಲ್ಲನ್ನು ತಂದುಕೊಟ್ಟ. ಹೆದೆ ಕಟ್ಟಿದ ಮೇಲೆ, ಮುದುಕ ಕಲಿಸಿದ ಹಾಗೆ, ಈರಣ್ಣ ಹತ್ತಿಯ ಉಂಡೆಯನ್ನು ಬಿಲ್ಲಿನ ಮೈಮೇಲೆ ಸವರಿದ. ಹಿಡಿಯಿಂದ ಒಂದು ಗೇಣು ಮೇಲೆ ಹತ್ತಿ ಸಿಕ್ಕಿಕೊಂಡಿತು. ಬಿಡಿಸಿದಾಗ ಎರಡು ಎಳೆ ಅಲ್ಲೇ ಉಳಿದವು. ದೀಪಕ್ಕೆ ಹಿಡಿದು ನೋಡಿದರೆ ಕೂದಲಿಗಿಂತ ಸಣ್ಣ ಬಿರುಕು.

ಅವಿನಾಶನಿಗೆ ಹೇಳಿಬಿಡಲೆಂದು ಫೋನ್ ಕೈಗೆತ್ತಿಕೊಂಡ. ಕೆಫೆಟೇರಿಯಾದ ನಗು ಕಿವಿಯಲ್ಲಿತ್ತು. ಒಮ್ಮೆ ಕೈಯಲ್ಲೇ ಮುರೀಲಿ, ಬುದ್ಧಿ ಬರ್ತದ ಅಂದುಕೊಂಡ. ಫೋನ್ ಕೆಳಗಿಟ್ಟ. ಆ ಎರಡು ಎಳೆಗಳನ್ನು ಉಗುರಿನಿಂದ ಕಿತ್ತು ತೆಗೆದ.

ಮರುದಿನ ಶನಿವಾರ ಬೆಳಿಗ್ಗೆ ಬಿಲ್ಲನ್ನು ಅವಿನಾಶನಿಗೆ ಮರಳಿಸಿದ. ಇಬ್ಬರೂ ಫ್ರೆಡ್ರಿಕ್ ಊರಿನ ಆಚೆಯ ಒಬ್ಬ ರೈತನ ಕಾಡಂಚಿಗೆ ಹೋದರು. ಎಲೆ ಉದುರಿದ ಮರಗಳ ನಡುವೆ ಮಂಜು ಕದಲದೆ ನಿಂತಿತ್ತು. ಒಂದು ಹಕ್ಕಿಯ ಸದ್ದೂ ಇರಲಿಲ್ಲ. ನೆಲದ ಮೇಲೇ ನಿಂತು ಹೊಡೆಯುವುದೆಂದು ಮಾತಾಗಿತ್ತು. ಆದರೆ ರೈತ ಓಕ್ ಮರಕ್ಕೆ ಕಟ್ಟಿದ್ದ ಅಟ್ಟಣೆಯನ್ನು ಕಂಡದ್ದೇ ಅವಿನಾಶ್ ಏಣಿಗೆ ಕೈಹಾಕಿದ.

"ಮೇಲಿಂದ ಆಂಗಲ್ ಸೂಪರ್ ಆಗಿ ಸಿಗತ್ತೆ."

ಹದಿನೈದು ಅಡಿ. ಈರಣ್ಣ ಏಣಿಯ ಬುಡಕ್ಕೆ ಬಂದ.

"ಅವಿನಾಶ್!"

"ಏನು?"

"ಏನಿಲ್ಲ. ಹುಷಾರು."

ಅರ್ಧ ಗಂಟೆ ಕಳೆಯಿತು. ಬಿದ್ದ ಮರವೊಂದರ ಮರೆಯಲ್ಲಿ ಕೂತ ಈರಣ್ಣನಿಗೆ ಏಳಬೇಕು, ಕೂಗಬೇಕು, ಇಳಿ ಅನ್ನಬೇಕು ಎನಿಸುತ್ತಲೇ ಇತ್ತು. ಅಷ್ಟರಲ್ಲಿ ಜಿಂಕೆ ಬಂತು. ಅವಿನಾಶ್ ಅಟ್ಟಣೆಯ ಅಂಚಿಗೆ ಬಂದು ಹೆದೆಯನ್ನು ಗಲ್ಲದವರೆಗೂ ಎಳೆದ.

"ಬ್ಯಾಡ! ಬಿಡಬ್ಯಾಡ!" ಈರಣ್ಣ ಎದ್ದು ನಿಂತು ಚೀರಿದ.

ಬಾಣ ಬಿಡುವ ಮೊದಲೇ ಬಿಲ್ಲು ಸಿಡಿಯಿತು. ಮೇಲಿನ ತುಂಡು ಅವಿನಾಶನ ಮುಖಕ್ಕೆ ಅಪ್ಪಳಿಸಿತು. ಅವನು ಬಿಲ್ಲಿನ ಉಳಿದರ್ಧವನ್ನು ಹಿಡಿದೇ ಕೆಳಗೆ ಬಿದ್ದ.

ಬಲಗಣ್ಣು ಹೋಯಿತು. ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು. ನಾಲ್ಕನೆಯ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಅವಿನಾಶನ ಹೆಂಡತಿ ಯಾಮಿನಿ ಈರಣ್ಣನಿಗೆ ಕೈಮುಗಿದಳು.

"ನೀವು ಬೇಡ ಬೇಡ ಅಂದ್ರೂ ಇವರೇ ಕೇಳಲಿಲ್ವಂತೆ. ಎಲ್ಲಾ ನಂದೇ ತಪ್ಪು ಅಂತ ಅಳ್ತಾ ಇದ್ದಾರೆ. ನೀವು ಅಲ್ಲಿ ಇರ್ದಿದ್ರೆ ಏನು ಗತಿ ಈರಣ್ಣ ಅವರೇ?"

ಹೌದೆಂದು ತಲೆಯಾಡಿಸಿ ಮನೆಗೆ ಹೋಗಬಹುದಿತ್ತು. ಕೇಳುವವರು ಯಾರೂ ಇರಲಿಲ್ಲ. ಆದರೆ ಆ ಮುಗಿದ ಕೈಗಳನ್ನು ನೋಡಲಾಗಲಿಲ್ಲ.

"ಬಿಲ್ಲಿನಾಗ ಬಿರುಕು ಇತ್ತು ತಂಗಿ. ಹಿಂದಿನ ದಿನಾನೇ ನೋಡಿದ್ದೆ. ಹೇಳಲಿಲ್ಲ."

ಯಾಮಿನಿಯ ಕೈಗಳು ನಿಧಾನವಾಗಿ ಕೆಳಗಿಳಿದವು. ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. "ನನಗಲ್ಲ. ಒಳಗೆ ಹೋಗಿ ಅವರಿಗೆ ಹೇಳಿ."

ಈರಣ್ಣ ಒಳಗೆ ಹೋಗಿ ಮಂಚದ ಪಕ್ಕ ನಿಂತು ಎಲ್ಲವನ್ನೂ ಹೇಳಿದ, ಕಿತ್ತು ತೆಗೆದ ಆ ಎರಡು ಎಳೆಗಳ ತನಕ. ಅವಿನಾಶ್ ಉಳಿದ ಒಂದು ಕಣ್ಣನ್ನು ಛಾವಣಿಯಲ್ಲಿ ನೆಟ್ಟು ಕೇಳಿಸಿಕೊಂಡ.

"ನಾನು ಏಣಿ ಹತ್ತೋವಾಗ ಕರೆದ್ರಲ್ಲ," ಎಂದ ಕೊನೆಗೆ. "ಅದಕ್ಕೇನಾ?"

"ಹೂಂ."

ಅವಿನಾಶ್ ಬಹಳ ಕಷ್ಟಪಟ್ಟು ಮುಖವನ್ನು ಗೋಡೆಯ ಕಡೆ ಹೊರಳಿಸಿದ.