ಪಟ್ಟದ ಗೊಂಬೆಗೆ ಹೆಣ್ಣು ನೋಡಿದ್ದು

ಚೀನಾದ ಶಿಯಾನ್‌ನ ಪುರಾತನ ಮಣ್ಣಿನ ಪ್ರತಿಮೆಗಳ ಸೈನ್ಯದ ಮುಂದೆ ಆಸ್ಟ್ರೇಲಿಯಾದ ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗಳಿಂದ ಬಂದ ಹನ್ನೆರಡು ಮಂದಿ ಕನ್ನಡಿಗರು ಬಾಯಿ ಬಿಟ್ಟುಕೊಂಡು ನಿಂತಿದ್ದರು. ಪರ್ತಿನ ನಾಗವೇಣಿ ಮಾತ್ರ ಸಾಲು ಬಿಡದೆ ಹುಡುಕುತ್ತಿದ್ದಳು.

"ಇಷ್ಟೊಂದು ಜನದಲ್ಲಿ ಒಬ್ಬಳೂ ಹೆಂಗಸಿಲ್ವಲ್ರೀ."

"ಸೈನ್ಯ ಕಣೇ ಇದು" ಎಂದ ಗಂಡ ಶ್ರೀಪತಿ. ಗಣಿ ಕಂಪನಿಯ ಭೂವಿಜ್ಞಾನಿ, ಮಣ್ಣಿನ ಬಗ್ಗೆ ಭಾಷಣಕ್ಕೆ ಸಿದ್ಧನಾಗಿದ್ದವನು ಪಾಪ, ಅವಳ ಹಿಂದೆ ಹೆಜ್ಜೆ ಹಾಕಿದ.

ಅವಳ ಚಿಂತೆ ಅವಳಿಗೆ. ಮೈಸೂರಿನಿಂದ ಮರದ ಪಟ್ಟದ ಗೊಂಬೆಗಳನ್ನು ತಂದಾಗ, ರಾಣಿಯ ಕಾಲಲ್ಲಿ ಹುಳು ಕೊರೆದ ತೂತು ಕಂಡು ಪರ್ತ್ ವಿಮಾನ ನಿಲ್ದಾಣದ ಅಧಿಕಾರಿಗಳು ಅವಳನ್ನು ಅಲ್ಲೇ ತೆಗೆದಿಟ್ಟುಕೊಂಡಿದ್ದರು. ಎರಡು ದಸರೆ ರಾಜ ಒಬ್ಬನೇ ಕೂತ. ಆರತಿ ಎತ್ತುವಾಗ ಅವಳಿಗೆ ಅಳುವೇ ಬರುತ್ತಿತ್ತು. ಈ ಸಲ ಮಣ್ಣಿನ ರಾಣಿಯನ್ನಾದರೂ ತಂದೇ ತೀರುತ್ತೇನೆಂದು ಹಟ ಹಿಡಿದು ಟೂರಿಗೆ ಹೊರಟಿದ್ದಳು. ದಸರೆಗೆ ಇನ್ನು ಹದಿನೈದೇ ದಿನ.

ಮಧ್ಯಾಹ್ನ ಬಸ್ಸು ಪೇಟೆಯ ಮುಂದೆ ನಿಂತಿತು. ಗೈಡು ಕೊಟ್ಟಿದ್ದು ಮುಕ್ಕಾಲು ಗಂಟೆ. ಉಳಿದವರು ರೇಷ್ಮೆ, ಚಹಾ ಎಂದು ಮುಗಿಬಿದ್ದರೆ ನಾಗವೇಣಿ ಗೊಂಬೆಯಂಗಡಿಗಳನ್ನೆಲ್ಲ ಜಾಲಾಡಿದಳು. ಎಲ್ಲಿ ನೋಡಿದರೂ ಮೀಸೆಯ ಸೈನಿಕರೇ. ಹತ್ತು ನಿಮಿಷ ಉಳಿದಾಗ, ಗಲ್ಲಿಯ ಕೊನೆಯ ಅಂಗಡಿಯಲ್ಲಿ ಮಣ್ಣಿನ ಹೆಣ್ಣೊಬ್ಬಳು ಕಂಡಳು. ದುಂಡು ಕೆನ್ನೆ, ಎತ್ತರದ ತುರುಬು, ತುಟಿಯಂಚಿನಲ್ಲಿ ನಗು. ನಾಗವೇಣಿ ಇವಳೇ ಬೇಕೆಂದು ಬೆರಳು ತೋರಿಸಿದಳು.

"ನಮ್ಮ ರಾಜ ಸಣಕಲ. ಇವಳು ಗುಂಡಮ್ಮ" ಎಂದ ಶ್ರೀಪತಿ.

"ನಿಮ್ಮನ್ನ ಒಪ್ಪಿಕೊಂಡಾಗ ನಾನು ತೂಕ ನೋಡಿದ್ನಾ? ಸುಮ್ನಿರಿ."

ಅಂಗಡಿಯ ಮುದುಕಿ ಆಗದೆಂದು ತಲೆಯಾಡಿಸಿದಳು. ತನ್ನ ಕೈಯಾರೆ ಮಾಡಿದ ಗೊಂಬೆ, ಮಾರುವುದಕ್ಕಲ್ಲ ಎಂದು ಅವಳ ಮಾತನ್ನು ಫೋನು ಅನುವಾದಿಸಿತು. ಚೌಕಾಸಿಗೆ ಸೊಂಟ ಕಟ್ಟಿ ಬಂದಿದ್ದ ನಾಗವೇಣಿ ಬೆಲೆಯ ಮಾತು ಬಿಟ್ಟು ಹೋದ ವರ್ಷದ ಫೋಟೋ ತೆಗೆದು ತೋರಿಸಿದಳು: ಗೊಂಬೆಗಳ ಮೆಟ್ಟಿಲು, ತುದಿಯಲ್ಲಿ ಒಂಟಿ ರಾಜ.

"ಇವನ ಪಕ್ಕದಲ್ಲಿ ಕೂರಿಸ್ತೀವಿ. ದಿನಾ ಆರತಿ ಎತ್ತಿ ಹಾಡು ಹೇಳ್ತೀವಿ. ಚೆನ್ನಾಗಿ ನೋಡ್ಕೋತೀವಿ" ಎಂದು ಫೋನಿಗೆ ಹೇಳಿದಳು.

ಅನುವಾದ ಕೇಳಿದ ಮುದುಕಿ ಫೋಟೋವನ್ನು ದೊಡ್ಡದು ಮಾಡಿ ರಾಜನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಗೊಂಬೆಯನ್ನು ಇಳಿಸಿ, ಧೂಳು ಒರೆಸಿ, ಕೆಂಪು ಬಟ್ಟೆಯಲ್ಲಿ ಸುತ್ತಿದಳು. ಅವಳು ಹೇಳಿದ ಬೆಲೆಯನ್ನು ನಾಗವೇಣಿ ಚೌಕಾಸಿಯಿಲ್ಲದೆ ಎಣಿಸಿ ಕೊಟ್ಟಳು. ಮುದುಕಿ ಗಂಟಿನೊಳಕ್ಕೆ ಒಂದು ಹಿಡಿ ಖರ್ಜೂರ, ಒಂದು ಹಿಡಿ ಕಡಲೆಕಾಯಿ ಹಾಕಿ ಏನೋ ಹೇಳಿದಳು.

"ಹುಡುಗಿ ದೂರ ಹೋಗುತ್ತಿದ್ದಾಳೆ. ಬರಿಗೈಯಲ್ಲಿ ಕಳಿಸಬಾರದು" ಎಂದಿತು ಫೋನು.

ನಾಗವೇಣಿ ಗಂಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಮಡಿಲು ತುಂಬುವುದೆಂದರೆ ಇದೇ ಅಲ್ಲವೇ? ಖುಷಿಗೋ ಸಂಕಟಕ್ಕೋ ಕಣ್ಣು ತುಂಬಿ ಹರಿಯಿತು. ಆಚೆ ಬಸ್ಸು ಹಾರ್ನು ಹೊಡೆಯುತ್ತಲೇ ಇತ್ತು.

"ನಡಿಯೇ, ಬಿಟ್ಟು ಹೋಗ್ತಾರೆ" ಎಂದು ಶ್ರೀಪತಿ ಅವಸರಪಡಿಸಿದ.

"ಬೀಗರ ಮನೆಯಿಂದ ಹಾಗೆಲ್ಲ ಎದ್ದು ಓಡಬಾರದು ರೀ" ಎಂದು ನಾಗವೇಣಿ ಮುದುಕಿಯ ಪಕ್ಕದ ಸ್ಟೂಲಿನ ಮೇಲೆ ಕೂತೇಬಿಟ್ಟಳು.